ಚೆಂಡಿಗೂ ದಾರಿ ಬಿಡುವ ಟೀಮು

ಸೋಲುವುದು ದೊಡ್ಡ ಸಂಗತಿಯೇನಲ್ಲ. ಎದುರಿನವರು ಚೆನ್ನಾಗಿ ಆಡಿದರೆ ಸೋಲಬೇಕು, ಮುಖ ತೊಳೆದು ಮನೆಗೆ ಬರಬೇಕು. ಆದರೆ ಆಲೆಟ್ಟಿ ಕಡೆಯ ನಮ್ಮ ಊರಿನ ವಾಲಿಬಾಲ್ ಟೀಮು ಸೋಲುತ್ತಿದ್ದ ರೀತಿಯೇ ಬೇರೆ. ಎದುರಿನವರು ಚೆಂಡನ್ನು ಹೇಗಾದರೂ ಈಚೆ ದಾಟಿಸಿದರೆ ಸಾಕು, ಉಳಿದದ್ದನ್ನು ನಮ್ಮವರೇ ಮಾಡಿಕೊಳ್ಳುತ್ತಿದ್ದರು. ಗದ್ದೆಯ ಬದಿಯಲ್ಲಿ ನಿಂತು ಅದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದು ಹೋಗಿತ್ತು.

ನಾನು ಹುಟ್ಟಿದ್ದು ಕಡಬದಲ್ಲಿ. ಅಲ್ಲಿ ನನ್ನ ತಮ್ಮಂದಿರು ಸಂಜೆಯಾದರೆ ವಾಲಿಬಾಲ್ ಆಡುತ್ತಿದ್ದರು. ನಾನು ಹುಲ್ಲಿನ ಹೊರೆ ಇಳಿಸಿ, ಬೈಗುಳ ಬೀಳುವವರೆಗೆ ಅಲ್ಲೇ ನಿಂತಿರುತ್ತಿದ್ದೆ. ಹಾಗಾಗಿ ಆಟ ನನಗೆ ಗೊತ್ತಿತ್ತು. ಐವತ್ತರ ದಶಕದ ಕೊನೆಗೆ ಮದುವೆಯಾಗಿ ಇಲ್ಲಿಗೆ ಬಂದಾಗ ಗಂಡನೂ ಆಟಗಾರ ಎಂದು ತಿಳಿದು ಖುಷಿಯಾಯಿತು. ಯಾರ ಹತ್ತಿರವೂ ಹೇಳಲಿಲ್ಲ. ಹೊಸ ಸೊಸೆ ಅಂಥದ್ದಕ್ಕೆಲ್ಲ ಖುಷಿಪಡುವ ಕಾಲವಲ್ಲ ಅದು. ನಮ್ಮವರು ಎತ್ತರದ ಆಳು, ಜಿಗಿದರೆ ಮೊಣಕೈ ನೆಟ್ಟಿನ ಮೇಲೆ ಬರುತ್ತಿತ್ತು. ಇಂಥವರು ಇದ್ದ ಮೇಲೆ ಈ ಟೀಮಿಗೆ ಎಂತ ಕಮ್ಮಿ ಎಂದುಕೊಂಡಿದ್ದೆ. ಮೊದಲ ಪಂದ್ಯ ನೋಡಿದ ಮೇಲೆ ಗೊತ್ತಾಯಿತು.

ಟೀಮು ನಮ್ಮ ಧಣಿಗಳದ್ದು. ಸುಗ್ಗಿಯ ಕೊಯ್ಲು ಮುಗಿದ ಮೇಲೆ ಒಣಗಿದ ಗದ್ದೆಯೊಂದನ್ನು ಆಟಕ್ಕೆ ಬಿಡುತ್ತಿದ್ದವರು ಅವರು. ಚೆಂಡು ಅವರದ್ದು, ನೆಟ್ಟು ಅವರದ್ದು, ಆಟಗಾರರು ತೊಡುವ ಬನಿಯನು ಅವರದ್ದು. ಇನ್ನೊಂದು ರೀತಿಯಲ್ಲಿ ನೋಡಿದರೆ ಆಟಗಾರರೂ ಅವರದ್ದೇ. ಟೀಮಿನಲ್ಲಿದ್ದ ಹೆಚ್ಚಿನವರು ಅವರ ಭೂಮಿಯನ್ನು ಗೇಣಿಗೆ ಮಾಡುವ ಒಕ್ಕಲುಗಳು. ನಮ್ಮದೂ ಅವರ ಗದ್ದೆಯೇ. ಒಬ್ಬರು ಮಾತ್ರ ಒಕ್ಕಲಲ್ಲ: ಧಣಿಗಳ ಅಕ್ಕನ ಮಗ, ನಮ್ಮೆಲ್ಲರ ಬಾಯಲ್ಲಿ ಅಳಿಯ ಧಣಿಗಳು. ಅಳಿಯಸಂತಾನದ ಮನೆ, ನಾಳೆ ಅದಕ್ಕೆ ಯಜಮಾನ ಆಗುವವರು. ಮಂಗಳೂರಲ್ಲಿ ಓದಿ ಬಂದವರು, ಬಿಳಿ ಕ್ಯಾನ್ವಾಸ್ ಬೂಟು, ಬಿಳಿ ಪ್ಯಾಂಟು. ಮನುಷ್ಯ ಪಾಪದವರು, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಆದರೆ ಆಟ? ಅಯ್ಯೋ ದೇವರೇ!

ಆಗ ನಮ್ಮಲ್ಲಿ ಆಡುತ್ತಿದ್ದದ್ದು ಒಂಬತ್ತು ಜನರ ಆಟ. ಈಗಿನ ಹಾಗೆ ಜಾಗ ಬದಲಾಗುತ್ತಿರಲಿಲ್ಲ, ನಿಂತವ ನಿಂತಲ್ಲೇ. ನೆಟ್ಟಿನ ಎದುರು ನಡುವಿನ ಜಾಗ ಟೀಮಿನ ಜೀವ, ಗೆಲ್ಲುವುದೂ ಸೋಲುವುದೂ ಅಲ್ಲಿ. ಆ ಜಾಗದಲ್ಲಿ ಅಳಿಯ ಧಣಿಗಳನ್ನು ನಿಲ್ಲಿಸಿದ್ದರು. ನಮ್ಮವರು ಅವರ ಪಕ್ಕದಲ್ಲಿ. ಹಿಂದಿನ ಸಾಲಲ್ಲಿ ಆಚೆಮನೆಯ ಅಣ್ಣ, ನಮ್ಮ ನೆರೆಯ ಒಕ್ಕಲು. ತಲೆ ಅರ್ಧ ನೆರೆತಿದ್ದರೂ ಎಂಥ ಚೆಂಡನ್ನೂ ಬಿಡದ ಮನುಷ್ಯ. ಅವರು ಹಿಂದಿನಿಂದ ಚಂದ ಎತ್ತಿ ಕೊಟ್ಟ ಚೆಂಡು ನೆಟ್ಟಿನ ಹತ್ತಿರ ಇಳಿಯುವಾಗ ನಮ್ಮವರು ಮೊದಲು ಅಳಿಯ ಧಣಿಗಳ ಮುಖ ನೋಡಬೇಕು. ಅವರು ಮುಂದೆ ಬಂದರೆ ಇವರು ಹಿಂದೆ ಸರಿಯಬೇಕು. ಅವರು ಬಾರದಿದ್ದರೆ, ಬರುತ್ತಾರೋ ಏನೋ ಎಂದು ಕಾಯಬೇಕು. ಅಷ್ಟರಲ್ಲಿ ಚೆಂಡು ಇಬ್ಬರ ನಡುವೆ ಪುಸಕ್ಕೆಂದು ಬೀಳುತ್ತಿತ್ತು. ಬಿದ್ದ ಚೆಂಡನ್ನು ಹೆಕ್ಕಿ ಕೊಡಲು ಮಾತ್ರ ನಾಲ್ಕು ಜನ ಓಡುತ್ತಿದ್ದರು!

ಈಶ್ವರಮಂಗಲದವರ ಎದುರು ಸೋತ ದಿನ ನನಗೆ ತಡೆಯಲಾಗಲಿಲ್ಲ. ಬೊಬ್ಬೆ ಹಾಕಿಯೇ ಬಿಟ್ಟೆ. ಗಂಡನ ಹೆಸರು ಹೇಳುವ ಹಾಗಿಲ್ಲವಲ್ಲ, "ಓ ಇವರೇ! ಹೊಡೀರಿ ಮಾರಾಯ್ರೆ! ಎಂತ ನೋಡ್ತಾ ನಿಂತದ್ದು?" ಎಂದು ಕಿರುಚಿದೆ. ಆಡುವವರಲ್ಲಿ ಮದುವೆಯಾದವರೆಲ್ಲ ತಿರುಗಿ ನೋಡಿದರು. ಆ ಗಡಿಬಿಡಿಯಲ್ಲಿ ಇನ್ನೊಂದು ಪಾಯಿಂಟು ಹೋಯಿತು. ಪಕ್ಕದಲ್ಲಿದ್ದ ಅತ್ತೆ ನನ್ನ ತೋಳು ಚಿವುಟಿ, "ಹೆಂಗಸರು ಹೀಗೆ ಬೊಬ್ಬೆ ಹಾಕುದಾ? ಮಾನ ಮರ್ಯಾದೆ ಉಂಟಾ?" ಎಂದರು. "ಮರ್ಯಾದೆ ಅಲ್ಲಿ ನೆಲದಲ್ಲಿ ಬಿದ್ದುಂಟು, ನೋಡಿ ಅತ್ತೆ," ಎಂದೆ.

ಧಣಿಗಳಿಗೆ ಸೋಲು ಚುಚ್ಚುತ್ತಿರಲಿಲ್ಲ ಎಂದಲ್ಲ. ಪ್ರತಿ ಪಂದ್ಯಕ್ಕೂ ಕುರ್ಚಿ ಹಾಕಿಸಿ ಕೂತು, ಸೋತಾಗ ಎಲೆಯಡಿಕೆ ಉಗಿದು ಎದ್ದು ಹೋಗುತ್ತಿದ್ದರು. ಮರುದಿನ ಏನಾದರೊಂದು ಪರಿಹಾರ. ಒಮ್ಮೆ ಬನಿಯನಿನ ಬಣ್ಣ ಸರಿಯಿಲ್ಲವೆಂದು ನೀಲಿ ತೆಗೆದು ಕೆಂಪು ತರಿಸಿದರು. ಸೋತೆವು. ಆಟಕ್ಕೆ ಮೊದಲು ತೆಂಗಿನಕಾಯಿ ಒಡೆಸಿದರು. ಸೋತೆವು, ಕಾಯಿ ಮಾತ್ರ ಅಡಿಗೆಯ ಪದಾರ್ಥಕ್ಕೆ ಬಂತು. ಜೋಯಿಸರಲ್ಲಿ ಕೇಳಿಸಿ, ಕೋರ್ಟಿನ ದಿಕ್ಕೇ ದೋಷವೆಂದು ಕಂಬ ಕಿತ್ತು ಅಡ್ಡಕ್ಕಿದ್ದದ್ದನ್ನು ಉದ್ದಕ್ಕೆ ತಿರುಗಿಸಿದರು. ಅಂದಿನಿಂದ ಸಂಜೆ ಬಿಸಿಲು ಸೀದಾ ನಮ್ಮ ಟೀಮಿನವರ ಕಣ್ಣಿಗೇ ಹೊಡೆಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವನ್ನು ನಿಜವಾಗಿಯೂ ಅಗೆದು ನೋಡಿದರು. ಎಲ್ಲವನ್ನೂ ಬದಲಿಸಿದರು, ನೆಟ್ಟಿನ ನಡುವೆ ನಿಂತವರೊಬ್ಬರನ್ನು ಬಿಟ್ಟು. ಊರಿಗೆ ಊರೇ ಕಾರಣ ಬಲ್ಲದು. ಹೋಟೆಲಿನಲ್ಲಿ ಚಾ ಕುಡಿಯುತ್ತ ಗುಸುಗುಸು, ಗದ್ದೆಗೆ ಬಂದಾಗ ಬಾಯಿಗೆ ಬೀಗ.

ಒಂದು ವರ್ಷ ಕಡಬಕ್ಕೆ ಹೋಗಿ ನನ್ನ ತಮ್ಮಂದಿರ ಟೀಮಿನೆದುರೇ ಸೋತರು. ತವರಿನವರ ಎದುರು! ನಾನು ತಲೆ ತಗ್ಗಿಸಿ ಅಮ್ಮನ ಅಡಿಗೆಮನೆ ಸೇರಿದ್ದೆ. ಸಣ್ಣ ತಮ್ಮ ಹುಡುಕಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತ.

"ಅಕ್ಕಾ, ನಿಮ್ಮ ಟೀಮಿನವರು ಭಾರೀ ಮರ್ಯಾದಸ್ಥರು."

"ತಮಾಷೆ ಮಾಡ್ಬೇಡ, ಚಟ್ಟುಗದಲ್ಲಿ ಬೀಳ್ತದೆ."

"ಅಲ್ಲ ಅಕ್ಕಾ, ನಿಜ. ಹುಣಿಯಲ್ಲಿ ಧಣಿಗಳು ಎದುರು ಬಂದ್ರೆ ಗದ್ದೆಗೆ ಇಳಿದು ದಾರಿ ಬಿಡ್ತೇವಲ್ಲ, ನಿಮ್ಮವ್ರು ಚೆಂಡಿಗೂ ಹಾಗೆ ದಾರಿ ಬಿಡ್ತಾರೆ. ಭಾವನಿಗೆ ಎತ್ತರ ಉಂಟು, ಕೈ ಉಂಟು. ಆದ್ರೆ ಕಾಲು ತನ್ನಷ್ಟಕ್ಕೆ ಹಿಂದೆ ಹೋಗ್ತದೆ."

ನಗುತ್ತಲೇ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ. ಅವನು ಹೇಳಿದ ಹುಣಿ, ಎರಡು ಗದ್ದೆಗಳ ನಡುವಿನ ಆ ಕಿರಿದಾದ ಮಣ್ಣಿನ ಏರಿ, ನಮಗೆಲ್ಲ ನಡೆಯುವ ದಾರಿ. ಅದರಲ್ಲಿ ಧಣಿಗಳ ಮನೆಯವರು ಎದುರಾದರೆ ಒಕ್ಕಲು ಕೆಸರಿಗೆ ಇಳಿದು ನಿಲ್ಲಬೇಕು. ಯಾರೂ ಕಲಿಸಿದ್ದಲ್ಲ, ನಡೆಯಲು ಕಲಿಯುವಾಗಲೇ ಬಂದದ್ದು. ಅದೇ ಕಾಲುಗಳು ಆಟಕ್ಕೂ ಬಂದಿದ್ದವು.

ಮನೆಗೆ ಬಂದು, ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದ ನಮ್ಮವರ ಹತ್ತಿರ ನೇರವಾಗಿ ಕೇಳಿದೆ.

"ಮುಂದಿನ ಸಲ ಚೆಂಡು ಬಂದ್ರೆ ನೀವು ಯಾಕೆ ಹೊಡೀಬಾರ್ದು?"

ಅವರು ತಲೆ ಎತ್ತಲಿಲ್ಲ. "ನಿನಗೆ ಎಂತ ಗೊತ್ತುಂಟು? ಬಿಸುವಿಗೆ ಬುಳೆಕಾಣಿಕೆ ಹೊತ್ತುಕೊಂಡು ಅವ್ರ ಚಾವಡಿಯಲ್ಲಿ ನಿಲ್ಲುದು ನಾನು. ನೀನಲ್ಲ."

ನಮ್ಮ ಗದ್ದೆ ಚಾಲಗೇಣಿಯದು, ವರ್ಷ ವರ್ಷಕ್ಕೆ ಧಣಿಗಳ ಬಾಯಿಮಾತಿನಲ್ಲಿ ನಿಂತದ್ದು. ಹೊಸ ವರ್ಷದ ಬಿಸು ಹಬ್ಬದ ದಿನ ಒಕ್ಕಲುಗಳು ತಾವು ಬೆಳೆದ ಸೌತೆ, ಕುಂಬಳ, ಬಾಳೆಗೊನೆ ಹೊತ್ತು ಹೋಗಿ ಒಪ್ಪಿಸುತ್ತಿದ್ದ ಕಾಣಿಕೆಯೇ ಬುಳೆಕಾಣಿಕೆ. ಧಣಿಗಳು ಅದನ್ನು ಮುಟ್ಟಿ "ಈ ವರ್ಷವೂ ಮಾಡು" ಎಂದರೆ ಗದ್ದೆ ಇನ್ನೊಂದು ವರ್ಷ ನಮ್ಮದು. ಮುಟ್ಟದಿದ್ದರೆ ಮಳೆ ಬರುವ ಮೊದಲು ಮನೆ ಖಾಲಿ ಮಾಡಬೇಕು. ನಮ್ಮ ಮಾವ ತೀರಿಕೊಂಡದ್ದು ಆ ಮನೆಯಲ್ಲಿ, ಅತ್ತೆ ಸೊಸೆಯಾಗಿ ಬಂದದ್ದು ಆ ಮನೆಗೆ. ನೀರಲ್ಲಿದ್ದು ಮೊಸಳೆಯ ಹತ್ತಿರ ವೈರ ಕಟ್ಟಿಕೊಳ್ಳಿ ಎಂದು ನಾನು ಗಂಡನಿಗೆ ಹೇಳಿದ ಹಾಗಾಗಿತ್ತು.

ಕೆಲವು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮಟ್ಟಿಗೆ ಅದೇ ದೊಡ್ಡ ತಪಸ್ಸು. ಆದರೆ ಇವರನ್ನು ನೋಡಿದರೆ ಸಂಕಟವಾಗುತ್ತಿತ್ತು. ಊಟಕ್ಕೆ ಕೂತಲ್ಲಿ ಬಲಗೈ ಸುಮ್ಮನೆ ಮೇಲೆ ಹೋಗಿ ಇಳಿಯುವುದು, ತಪ್ಪಿಹೋದ ಚೆಂಡನ್ನು ಈಗ ಹೊಡೆದ ಹಾಗೆ. ಕೊನೆಗೆ ಒಂದು ಬೆಳಿಗ್ಗೆ ಬಾಯಿ ಬಿಟ್ಟೇ ಬಿಟ್ಟೆ.

"ಗದ್ದೆ ಅವರದ್ದು, ಒಪ್ಪಿದೆ. ಗೇಣಿ ಕೊಡ್ತೇವೆ. ನಿಮ್ಮ ಕೈ ಸಹ ಅವರದ್ದಾ?"

ಇವರು ತಮ್ಮ ಬಲಗೈಯನ್ನೇ ತಿರುಗಿಸಿ ನೋಡಿಕೊಂಡರು. ಆಮೇಲೆ, "ನನಗೆ ಹೊಡೀಬೇಕು ಅಂತ ಉಂಟು," ಎಂದರು. "ಹೊಡೀಲೇಬೇಕು ಅಂತ ಹೋಗ್ತೇನೆ. ಅವ್ರು ಹತ್ರ ಬಂದ ಕೂಡಲೇ ಕಾಲು ಹಿಂದೆ ಬರ್ತದೆ. ಹೆದರಿಕೆ ಅಲ್ಲ ಮಾರಾಯ್ತಿ. ಅಭ್ಯಾಸ."

"ಅಭ್ಯಾಸ ಆದ್ರೆ ಬಿಡಿಸುವ," ಎಂದೆ.

ಹೀಗೆ ಶುರುವಾಯಿತು ನಮ್ಮ ಪ್ರಾಕ್ಟೀಸು. ಒಣ ಬಾಳೆಎಲೆ ಸುತ್ತಿ, ಬಾಳೆನಾರಿನಿಂದ ಬಿಗಿದು ಚೆಂಡು ಕಟ್ಟಿದೆ. ಮನೆಯ ಹಿಂದಿನ ಹುಣಿಯ ಮೇಲೆ ಇವರನ್ನು ನಿಲ್ಲಿಸಿ, ಚೆಂಡನ್ನು ಮೇಲಕ್ಕೆಸೆದು, ನಾನು ಅಳಿಯ ಧಣಿಗಳ ಹಾಗೆ ಎದುರಿಂದ ಬಿರಬಿರನೆ ನಡೆದು ಬರುವುದು. ಇವರು ದಾರಿ ಬಿಡದೆ ಚೆಂಡು ಹೊಡೆಯಬೇಕು. ಮೊದಲ ಸಲ ನಾನು ಎರಡು ಹೆಜ್ಜೆ ಇಟ್ಟದ್ದೇ, ಇವರು ಪಕ್ಕದ ಗದ್ದೆಯಲ್ಲಿ! "ನಾನು ನಿಮ್ಮ ಹೆಂಡತಿ ಮಾರಾಯ್ರೆ! ನನಗೂ ದಾರಿ ಬಿಡುದಾ?" ಎಂದು ನಕ್ಕು ನಕ್ಕು ಕೂತುಬಿಟ್ಟೆ. ಇವರಿಗೂ ನಗು.

ಆದರೆ ನಗುವಿನಲ್ಲಿ ಕೆಲಸ ಆಗಲಿಲ್ಲ. ದಿನಾ ಬೆಳಿಗ್ಗೆ ದನಗಳಿಗೆ ಹುಲ್ಲು ಹಾಕಿದ ಮೇಲೆ ಅದೇ ಕೆಲಸ. ಅತ್ತೆ ಮೊದಮೊದಲು ಹಣೆ ಹಣೆ ಬಡಿದುಕೊಂಡರು. "ಊರಲ್ಲಿ ಇಲ್ಲದ ಸೊಸೆ ಸಿಕ್ಕಿದ್ಲು. ಇದ್ದ ಮನೆಯನ್ನೂ ಕಳೀತಾಳೆ," ಎಂದು ಕೊಟ್ಟಿಗೆಯ ದನಗಳಿಗೆ ಹೇಳುವರು. ಒಂದು ದಿನ ಅಂಗಳದ ಮೂಲೆಯಲ್ಲಿ ನಿಂತು ನೋಡುತ್ತಿದ್ದವರಿಗೆ ಏನಾಯಿತೋ, "ಥೂ, ಅಳಿಯ ಧಣಿಗಳು ಹಾಗೆಯಾ ನಡೆಯುದು? ನಿನ್ನದು ಕೋಳಿ ಓಡಿದ ಹಾಗೆ ಆಗ್ತದೆ," ಎಂದು ಮಡಚಿಟ್ಟ ಕೊಡೆ ತಂದು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಎದೆ ಮುಂದೆ ಮಾಡಿ, ಗತ್ತಿನಲ್ಲಿ ಹುಣಿಯ ಮೇಲೆ ಮಗನ ಎದುರು ನಡೆದು ಬಂದರು. ಸಾಕ್ಷಾತ್ ಧಣಿಗಳ ಮನೆಯ ನಡಿಗೆ! ನಾನು ಚೆಂಡೆಸೆದೆ. ಇವರು ಅಲುಗಲಿಲ್ಲ. ನಿಂತಲ್ಲಿಂದಲೇ ಜಿಗಿದು ಹೊಡೆದರು. ಬಾಳೆನಾರು ಬಿಚ್ಚಿ ಚೂರುಚೂರಾಗಿ ಹಾರಿತು. ಇವರ ಭುಜ ತಾಗಿದ ಅತ್ತೆ ಕೊಡೆಯ ಸಮೇತ ಗದ್ದೆಗೆ ಬಿದ್ದರು. ಎದ್ದು ಸೀರೆ ಕೊಡವಿಕೊಂಡು, "ಹಾಂ, ಹಾಗೆ," ಎಂದರು.

ಆ ವರ್ಷ ಬಿಸುವಿಗೆ ಸ್ವಲ್ಪ ಮೊದಲು ಸುಳ್ಯದಲ್ಲಿ ಪಂದ್ಯ. ಎದುರಿಗೆ ಅರಂತೋಡಿನ ಕಡೆಯ ಟೀಮು. ಧಣಿಗಳು ಕಾರಿನಲ್ಲಿ ಬಂದು ಕುರ್ಚಿಯಲ್ಲಿ ಕೂತರು. ನಾವು ಹೆಂಗಸರು ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ಬದಿಯಲ್ಲಿ ನಿಂತೆವು. ಹೊರಡುವ ಮೊದಲು ನಾನು ಇವರಿಗೆ ಒಂದೇ ಮಾತು ಹೇಳಿದ್ದೆ: "ಏನಾದ್ರೂ ನಾನಿದ್ದೇನೆ. ಮನೆ ಬಿಡಬೇಕಾದ್ರೆ ಬಿಡುವ." ಧೈರ್ಯ ನನ್ನಲ್ಲಿ ಅಷ್ಟೇನೂ ಇರಲಿಲ್ಲ. ಹೇಳಬೇಕಿತ್ತು, ಹೇಳಿದೆ.

ಮೊದಲ ಗೇಮು ಹೋಯಿತು. ಎರಡನೆಯದರಲ್ಲಿಯೂ ಹಿಂದೆ ಬಿದ್ದೆವು. ಆಗ ಆಚೆಮನೆಯ ಅಣ್ಣ ಮಣ್ಣಿಗೆ ಮೊಣಕಾಲೂರಿ ಒಂದು ಚೆಂಡು ಎತ್ತಿದರು. ಅದು ನೆಟ್ಟಿನ ಮೇಲೆ ಚಂದ ಮಾಡಿ ನಿಂತಿತು. ಅಳಿಯ ಧಣಿಗಳು ಕೈ ಎತ್ತಿ ಮುಂದೆ ಬಂದರು. ಇವರು ಸರಿಯಲಿಲ್ಲ. ಜಿಗಿದರು, ಹೊಡೆದರು, ಚೆಂಡು ಆಚೆಯ ಅಂಕಣದಲ್ಲಿ ಧೂಳೆಬ್ಬಿಸಿತು. ಈಚೆ ಅಳಿಯ ಧಣಿಗಳು ಬಿಳಿ ಪ್ಯಾಂಟಿನಲ್ಲಿ ಕೆಂಪು ಮಣ್ಣಿನ ಮೇಲೆ ಕೂತಿದ್ದರು.

ಪಾಯಿಂಟು ನಮ್ಮದು. ಆದರೆ ನಮ್ಮ ಊರಿನವರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕಣ್ಣು ಕುರ್ಚಿಯ ಕಡೆ. ನನಗೆ ಎಲ್ಲಿಂದ ಬಂತೋ, "ಇನ್ನೊಂದು ಹೊಡೀರಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಈ ಸಲ ಅತ್ತೆ ಚಿವುಟಲಿಲ್ಲ.

ಇವರು ಕೈ ಕೊಟ್ಟು ಅಳಿಯ ಧಣಿಗಳನ್ನು ಎಬ್ಬಿಸಿದರು. ಅವರು ಪ್ಯಾಂಟು ಕೊಡವುತ್ತ ಏನೋ ಹೇಳಿದರು. ಹೇಳಿದ್ದು "ಇನ್ನು ನೀನೇ ಹೊಡಿ" ಎಂದು, ಆಮೇಲೆ ಇವರಿಂದ ಗೊತ್ತಾಯಿತು. ಅಲ್ಲಿಂದ ಮುಂದೆ ನಮ್ಮ ಟೀಮು ಆಡಿದಂಥ ಆಟವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಇವರೊಬ್ಬರು ಸರಿಯದೆ ನಿಂತದ್ದೇ ತಡ, ಉಳಿದವರ ಕಾಲಿಗೂ ಧೈರ್ಯ ಬಂತು. ಎರಡನೆಯ ಗೇಮು ಗೆದ್ದೆವು. ಮೂರನೆಯದೂ ಗೆದ್ದೆವು. ಊರಿನವರೆಲ್ಲ ಈಗ ಹುಚ್ಚರ ಹಾಗೆ ಕುಣಿಯುತ್ತಿದ್ದರು. ಕುಣಿದು ಸುಸ್ತಾಗಿ ತಿರುಗಿ ನೋಡಿದರೆ ಕುರ್ಚಿ ಖಾಲಿ. ಧಣಿಗಳು ಯಾವಾಗ ಎದ್ದು ಹೋದರೋ ಯಾರೂ ನೋಡಿರಲಿಲ್ಲ.

ಆಮೇಲೆ ಬಿಸುವಿನವರೆಗೆ ಧಣಿಗಳ ಮನೆಯಿಂದ ಒಂದು ಮಾತು ಬರಲಿಲ್ಲ. ಬೈದಿದ್ದರೆ ಸಮಾಧಾನ ಇತ್ತು. ನಮ್ಮ ಗದ್ದೆಗೆ ಈಶ್ವರಮಂಗಲದ ಕಡೆಯ ಒಬ್ಬರು ಬರುತ್ತಾರಂತೆ ಎಂದು ಸುದ್ದಿ ಹುಟ್ಟಿತು. ಆಟದ ದಿನ ಕುಣಿದವರು ಈಗ ನಮ್ಮನ್ನು ಕಂಡರೆ "ಪಾಪ" ಎನ್ನುವ ಮುಖ ಮಾಡುತ್ತಿದ್ದರು. ನನಗೆ ಹೆದರಿಕೆಯಾಗುತ್ತಿತ್ತು, ನಿಜ ಹೇಳಬೇಕಲ್ಲ. ಆದರೂ ಇವರು ಒಮ್ಮೆಯೂ "ನಿನ್ನಿಂದ ಹೀಗಾಯ್ತು" ಎನ್ನಲಿಲ್ಲ. ಊಟಕ್ಕೆ ಕೂತಲ್ಲಿ ಕೈ ಮೇಲೆ ಹೋಗುವುದೂ ನಿಂತಿತ್ತು.

ಬಿಸುವಿನ ಬೆಳಿಗ್ಗೆ ನಾವು ಮೂವರೂ ಹೋದೆವು. ನಮ್ಮ ಹಿತ್ತಿಲಿನ ಅತಿ ದೊಡ್ಡ ಸೌತೆ, ಕುಂಬಳ, ಒಂದು ಕದಳಿ ಗೊನೆ. ಧಣಿಗಳು ಚಾವಡಿಯಲ್ಲಿ ಕೂತಿದ್ದರು, ಅಳಿಯ ಧಣಿಗಳು ಕಂಬಕ್ಕೊರಗಿ ನಿಂತಿದ್ದರು. ಅಂಗಳದಲ್ಲಿ ಒಕ್ಕಲುಗಳ ಸಾಲು. ಕಾಣಿಕೆ ಇಡಲು ಒಂದು ಕ್ರಮ ಉಂಟು: ನೀರಿನ ಕಟ್ಟಕ್ಕೆ ಹತ್ತಿರದ ಗದ್ದೆಯವರು ಮೊದಲು, ಆಮೇಲೆ ಕೆಳಗಿನವರು. ಅದು ಅಜ್ಜಂದಿರ ಕಾಲದಿಂದ ಬಂದದ್ದು. ಹಾಗೆ ನೋಡಿದರೆ ಮೊದಲ ಸರದಿ ನಮ್ಮದೇ.

ಇವರು ಬುಟ್ಟಿ ಇಳಿಸಿ ಮುಂದಕ್ಕೆ ಹಿಡಿದರು. ಧಣಿಗಳು ಕೈ ಚಾಚಲಿಲ್ಲ.

"ಅವತ್ತು ಅಷ್ಟು ಜನರೆದುರು ನಮ್ಮ ಹುಡುಗನನ್ನು ಬೀಳಿಸಿದೆ ಅಲ್ವ ನೀನು?"

"ಬೀಳಿಸಬೇಕು ಅಂತ ಇರ್ಲಿಲ್ಲ ಧಣಿ. ಚೆಂಡು ಹೊಡೀಬೇಕು ಅಂತ ಇತ್ತು."

"ಇನ್ನೊಮ್ಮೆ ಹಾಗೆ ಚೆಂಡು ಬಂದ್ರೆ?"

ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದರು. ಇವರು ಬುಟ್ಟಿಯನ್ನು ಹಾಗೇ ಹಿಡಿದುಕೊಂಡು, "ಹೊಡೀತೇನೆ ಧಣಿ," ಎಂದರು.

ಧಣಿಗಳು ಮುಖ ತಿರುಗಿಸಿ, "ಮುಂದಿನವ ಬರ್ಲಿ," ಎಂದರು.

ಆ ಮನೆ, ಆ ಬಾವಿ, ನಾನೇ ನೆಟ್ಟ ಅಬ್ಬಲಿಗೆ ಗಿಡ, ಎಲ್ಲ ಒಂದು ಮಾತಿನಲ್ಲಿ ಹೋಯಿತಲ್ಲ ಎಂದುಕೊಂಡೆ. ಮುಂದಿನವರು ಆಚೆಮನೆಯ ಅಣ್ಣ. ಅವರು ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಬಾ," ಎಂದರು ಧಣಿಗಳು.

"ಬರ್ತೇನೆ ಧಣಿ. ಮೇಲಿನ ಗದ್ದೆಯವರದ್ದು ಆಗ್ಲಿ. ಕ್ರಮ ತಪ್ಪಿಸುದು ಹೇಗೆ?"

ಧಣಿಗಳು ಅವರ ಹಿಂದಿದ್ದವನನ್ನು ಕರೆದರು. ಅವನೂ ತಲೆ ಬಗ್ಗಿಸಿಯೇ, "ಅವರದ್ದಾಗ್ಲಿ ಧಣಿ," ಎಂದ. ಅವನ ಹಿಂದಿದ್ದವನೂ ಅದನ್ನೇ. ಯಾರೂ ಧ್ವನಿ ಏರಿಸಲಿಲ್ಲ. ಯಾರೂ ಎದುರಾಡಲಿಲ್ಲ. ಸರಿದು ನಿಲ್ಲುವುದು ನಮ್ಮವರಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಎಲ್ಲರೂ ಬುಟ್ಟಿ ಹೊತ್ತುಕೊಂಡು, ಮರ್ಯಾದೆಯಲ್ಲಿ ಸರಿದು, ನಿಂತೇ ಇದ್ದರು. ಬಿಸಿಲು ಅಂಗಳಕ್ಕೆ ಇಳಿಯಿತು. ಒಳಗಿನಿಂದ ಹಬ್ಬದ ಪಾಯಸದ ವಾಸನೆ ಬರುತ್ತಿತ್ತು. ಒಬ್ಬರ ಕಾಣಿಕೆಯೂ ಚಾವಡಿ ಏರಲಿಲ್ಲ. ಒಬ್ಬರದೂ ಏರದೆ ಮಧ್ಯಾಹ್ನವಾದರೆ ಆ ವರ್ಷ ಆ ಬಯಲಿನಲ್ಲಿ ನೇಗಿಲು ಇಳಿಸುವವರೇ ಇಲ್ಲ ಎಂಬುದು ಕೂತವರಿಗೂ ಗೊತ್ತಿತ್ತು, ನಿಂತವರಿಗೂ ಗೊತ್ತಿತ್ತು.

ಧಣಿಗಳು ಸಾಲಿನ ಉದ್ದಕ್ಕೂ ಒಬ್ಬೊಬ್ಬರನ್ನಾಗಿ ನೋಡಿದರು. ಅಳಿಯನ ಕಡೆ ನೋಡಿದರು. ಅವರು ನೆಲ ನೋಡುತ್ತಿದ್ದರು. ಕಡೆಗೆ ಧಣಿಗಳು ಕೈ ಮುಂದೆ ಮಾಡಿ ನಮ್ಮ ಸೌತೆಕಾಯಿಯನ್ನು ಮುಟ್ಟಿದರು.

"ಈ ವರ್ಷವೂ ಮಾಡು," ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಚೆಂಡು, ನೆಟ್ಟು, ಆಟಕ್ಕೆ ಗದ್ದೆ ಇನ್ನು ಈ ಮನೆಯಿಂದ ಇಲ್ಲ. ನಿಮಗೆ ಬೇಕಾದ್ರೆ ನೀವೇ ಮಾಡಿಕೊಳ್ಳಿ."

"ಆಗ್ಬಹುದು ಧಣಿ," ಎಂದರು ನಮ್ಮವರು.

ಎಲ್ಲರ ಕಾಣಿಕೆ ಮುಗಿದು ಹೊರಟೆವು. ಗೇಟು ದಾಟಿ ಹತ್ತು ಮಾರು ಬಂದಿರಲಿಲ್ಲ, ಮುಂದೆ ಹೋಗುತ್ತಿದ್ದ ಗಂಡಸರಲ್ಲಿ ಜೋರು ಮಾತು ಶುರುವಾಯಿತು. ನೆಟ್ಟಿನ ನಡುವೆ ಇನ್ನು ಯಾರು ನಿಲ್ಲುವುದು ಎಂದು. ಆಚೆಮನೆಯ ಅಣ್ಣ, "ನಾನು ನಿಲ್ತೇನೆ, ಎಷ್ಟು ವರ್ಷದಿಂದ ಹಿಂದೆ ನಿಂತು ಸಾಕಾಗಿದೆ," ಎಂದರು. "ಈ ಪ್ರಾಯದಲ್ಲಿ ನಿಮಗೆ ಜಿಗೀಲಿಕ್ಕೆ ಆಗ್ತದಾ ಅಣ್ಣಾ? ಸೊಂಟ ಮುರೀತದೆ," ಎಂದು ಇನ್ನೊಬ್ಬ. "ನನಗಿಂತ ಚೆನ್ನಾಗಿ ಯಾರಿಗೆ ಆಗ್ತದೆ, ಹೇಳಿ ನೋಡುವ," ಎಂದು ನಮ್ಮವರು. ಚೆಂಡಿಲ್ಲ, ನೆಟ್ಟಿಲ್ಲ, ಆಡಲು ಗದ್ದೆಯಿಲ್ಲ. ರಸ್ತೆಯ ನಡುವೆ ಖಾಲಿ ಬುಟ್ಟಿ ಹಿಡಿದು ಜಗಳ.

"ಒಳ್ಳೇ ಹಬ್ಬದ ದಿನ ಇವ್ರಿಗೆ ಎಂತ ಜಗಳ ಮಾರಾಯ್ತಿ? ಹೋಗಿ ನಿಲ್ಲಿಸು," ಎಂದರು ಅತ್ತೆ.

"ಮಾಡ್ಲಿ ಬಿಡಿ ಅತ್ತೆ," ಎಂದೆ. "ಆ ಜಾಗಕ್ಕೆ ಇಷ್ಟರವರೆಗೆ ಯಾರೂ ಜಗಳ ಮಾಡಿದ್ದಿಲ್ಲ."